ಬೆಂಚ್ ನಾಲ್ಕೋ ಆರೋ? ಫ್ಯಾಂಟಸಿ ಹಾಕಿ ಲೀಗಿನ ರೋಸ್ಟರ್ ನಿಯಮ ಬದಲಿಸುವವರಿಗೆ

ಪ್ರಶ್ನೆ: ನಾನು ಕೆನಡಾದ ಮಿಸಿಸಾಗಾದಲ್ಲಿದ್ದೇನೆ. ಮೂರು ವರ್ಷದಿಂದ ನಾವು 12 ಜನ ಕನ್ನಡಿಗ ಗೆಳೆಯರು ಎನ್‌ಎಚ್‌ಎಲ್ ಫ್ಯಾಂಟಸಿ ಹಾಕಿ ಲೀಗ್ ಆಡುತ್ತಿದ್ದೇವೆ. ಹತ್ತು ಜನ ಟೊರಾಂಟೊ ಸುತ್ತಮುತ್ತ ಇದ್ದೇವೆ, ಇಬ್ಬರು ಬೆಂಗಳೂರಿಗೆ ವಾಪಸ್ ಹೋಗಿದ್ದಾರೆ. ಪ್ರತಿ ವಾರ ಒಬ್ಬರ ಎದುರು ಒಬ್ಬರು ಆಡುವ ಪದ್ಧತಿ ನಮ್ಮದು. ವರ್ಷದ ಕೊನೆಗೆ ಮೂವರು ಆಟಗಾರರನ್ನು ಉಳಿಸಿಕೊಳ್ಳಬಹುದು. ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿಯಲ್ಲಿ) 2 ಸೆಂಟರ್, 2 ಲೆಫ್ಟ್ ವಿಂಗ್, 2 ರೈಟ್ ವಿಂಗ್, 4 ಡಿಫೆನ್ಸ್, 2 ಗೋಲ್‌ಕೀಪರ್, 4 ಬೆಂಚ್, ಗಾಯಾಳುಗಳನ್ನು ಇಡಲು 2 ಐಆರ್ ಪ್ಲಸ್ ಜಾಗ ಇವೆ. ನಾನೇ ಕಮಿಷನರ್, ಅಂದರೆ ಲೀಗ್ ನಡೆಸುವ ಹೊಣೆ ನನ್ನದು. ಕಳೆದ ಜನವರಿಯಲ್ಲಿ ಗಾಯಾಳುಗಳು ಜಾಸ್ತಿಯಾದರು ಅಂತ ಮೂವರು ಒತ್ತಾಯ ಮಾಡಿದರು. ನಾನು ಬೆಂಚನ್ನು ಆರಕ್ಕೆ ಏರಿಸಿದೆ. ಇಬ್ಬರು ಸಿಟ್ಟಾಗಿ ಲೀಗ್ ಬಿಟ್ಟರು. ಒಬ್ಬರು ಐದು ಗೋಲ್‌ಕೀಪರ್‌ಗಳನ್ನು ಹಿಡಿದಿಟ್ಟುಕೊಂಡಿದ್ದಾರೆ. ಇನ್ನೊಬ್ಬರು ಸಣ್ಣಪುಟ್ಟ ಗಾಯದವರನ್ನೆಲ್ಲ ಐಆರ್ ಪ್ಲಸ್‌ನಲ್ಲಿ ಇಟ್ಟು, ಅವರು ವಾಸಿಯಾದರೂ ತೆಗೆಯುವುದಿಲ್ಲ. ಮುಂದಿನ ಸೀಸನ್‌ಗೆ ಯಾವ ನಿಯಮ ಬದಲಿಸಲಿ? ಹೇಗೆ ಬದಲಿಸಲಿ?

ಉತ್ತರ: ಹಾಕಿ ಅಂದ ಕೂಡಲೇ ನಮ್ಮಲ್ಲಿ ಎಷ್ಟೋ ಜನರಿಗೆ ಕೊಡಗಿನ ಮೈದಾನ ಕಣ್ಣಮುಂದೆ ಬರುತ್ತದೆ. ಹಾಗಾಗಿ ಹೊಸ ಓದುಗರಿಗೆ ಎರಡು ಮಾತು: ಇದು ಐಸ್ ಹಾಕಿ. ಉತ್ತರ ಅಮೆರಿಕದ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಫ್ಯಾಂಟಸಿ ಲೀಗ್‌ನಲ್ಲಿ ನೀವು ಆ ತಂಡಗಳ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟುತ್ತೀರಿ. ಅವರು ನಿಜವಾದ ಪಂದ್ಯದಲ್ಲಿ ಹೊಡೆದ ಗೋಲು, ಕೊಟ್ಟ ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ತಡೆದ ಶಾಟ್ ನಿಮ್ಮ ಲೆಕ್ಕಕ್ಕೆ ಬರುತ್ತವೆ.

ಈಗ ನಿಮ್ಮ ವಿಷಯ. ನಿಮ್ಮ ಗೆಳೆಯರು ಬಿಟ್ಟುಹೋದದ್ದು ಬೆಂಚ್ ಆರಾಯಿತು ಅಂತ ಅಲ್ಲ, ಜನವರಿಯಲ್ಲಿ ಆರಾಯಿತು ಅಂತ. ಇದೇ ಬದಲಾವಣೆಯನ್ನು ಆಗಸ್ಟ್‌ನಲ್ಲಿ ಮಾಡಿದ್ದರೆ ಬಹುಶಃ ಯಾರೂ ತಕರಾರು ಎತ್ತುತ್ತಿರಲಿಲ್ಲ. ಚಿಕ್ಕವರಿದ್ದಾಗ ಬೀದಿಯಲ್ಲಿ ಕ್ರಿಕೆಟ್ ಆಡಿದ್ದು ನೆನಪಿಸಿಕೊಳ್ಳಿ. ಒನ್ ಪಿಚ್ ಕ್ಯಾಚ್ ಔಟಾ, ಕಾಂಪೌಂಡ್ ದಾಟಿದರೆ ಸಿಕ್ಸಾ ಔಟಾ ಅನ್ನೋದು ಮೊದಲ ಬಾಲ್‌ಗೆ ಮುಂಚೆಯೇ ತೀರ್ಮಾನ ಆಗಬೇಕಿತ್ತು. ಬಾಲ್ ಕಾಂಪೌಂಡ್ ದಾಟಿದ ಮೇಲೆ ಆ ಮಾತು ಎತ್ತಿದರೆ ಜಗಳವೇ. ಆಗ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿರುತ್ತದೆ. ಜನವರಿಯಲ್ಲಿ ಒತ್ತಾಯ ಮಾಡಿದ ಮೂವರ ತಂಡದಲ್ಲೇ ಗಾಯಾಳುಗಳು ಜಾಸ್ತಿ ಇದ್ದರು, ಅಲ್ವಾ? ಉಳಿದವರು ಅದನ್ನು ನೋಡದೇ ಇರುತ್ತಾರಾ?

ನಾನೂ ಈ ತಪ್ಪು ಮಾಡಿದ್ದೇನೆ. ನಾನು ಕಮಿಷನರ್ ಆಗಿದ್ದ ಒಂದು ಲೀಗ್‌ನಲ್ಲಿ ವಾರಕ್ಕೆ ಕನಿಷ್ಠ ಮೂರು ಗೋಲ್‌ಕೀಪರ್ ಪಂದ್ಯ ಆಡಿಸಬೇಕು ಅಂತ ನಿಯಮ ಇತ್ತು. ಫೆಬ್ರವರಿಯಲ್ಲಿ ಅದನ್ನು ಎರಡಕ್ಕೆ ಇಳಿಸಿದೆ. ಕಾರಣ ಸರಿಯಾಗಿಯೇ ಇತ್ತು, ನಾಲ್ಕೈದು ಜನ ಕೇಳಿದ್ದರು ಕೂಡ. ಆದರೆ ಆ ವಾರ ನನ್ನ ಇಬ್ಬರು ಗೋಲ್‌ಕೀಪರ್‌ಗಳೂ ಗಾಯಾಳುಗಳಾಗಿದ್ದರು. ಆ ವಾರ ನಾನು ಗೆದ್ದೆ. ನನ್ನ ಎದುರು ಸೋತ ಗೆಳೆಯ ಏನೂ ಹೇಳಲಿಲ್ಲ, ಮುಂದಿನ ವರ್ಷ ಆಡಲು ಬರಲಿಲ್ಲ. ಅಂದಿನಿಂದ ನನ್ನ ನಿಲುವು ಒಂದೇ: ಯಾರ ತಟ್ಟೆಗೆ ಏನು ಬೀಳುತ್ತದೆ ಅಂತ ಗೊತ್ತಾಗುವ ಮೊದಲು ನಿಯಮ ಮಾಡಿ. ಗೊತ್ತಾದ ಮೇಲೆ ಮಾಡಿದರೆ ಎಷ್ಟೇ ಒಳ್ಳೆಯ ನಿಯಮವಾದರೂ ಅದು ಪಂಕ್ತಿಭೇದದ ಹಾಗೆ ಕಾಣುತ್ತದೆ.

ಎನ್‌ಎಚ್‌ಎಲ್‌ನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ನಿಮ್ಮ ಐಆರ್ ಪ್ಲಸ್ ಸಮಸ್ಯೆಗೂ ಅದು ಹತ್ತಿರದ್ದೇ. 2020-21ರ ಸೀಸನ್‌ಗೆ ಮೊದಲು ಟ್ಯಾಂಪಾ ಬೇ ಲೈಟ್ನಿಂಗ್ ತಂಡದ ನಿಕಿತಾ ಕುಚೆರೊವ್‌ಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆಯಿತು. ಅವರು ಆ ವರ್ಷದ 56 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಆಡಲಿಲ್ಲ. ದೀರ್ಘಾವಧಿ ಗಾಯಾಳುಗಳ ಪಟ್ಟಿಯಲ್ಲಿ ಅವರ ಹೆಸರಿದ್ದ ಕಾರಣ, ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯಲ್ಲಿ (ಸ್ಯಾಲರಿ ಕ್ಯಾಪ್) ಅವರ 95 ಲಕ್ಷ ಡಾಲರ್‌ನಷ್ಟು ಜಾಗದಲ್ಲಿ ತಂಡ ಬೇರೆ ಆಟಗಾರರನ್ನು ಇಟ್ಟುಕೊಂಡಿತು. ಪ್ಲೇಆಫ್‌ನಲ್ಲಿ (ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತ) ಟ್ಯಾಂಪಾದ ಮೊದಲ ಪಂದ್ಯಕ್ಕೇ ಕುಚೆರೊವ್ ವಾಪಸ್ ಬಂದರು. 23 ಪಂದ್ಯಗಳಲ್ಲಿ 32 ಪಾಯಿಂಟ್ (ಗೋಲು, ಅಸಿಸ್ಟ್ ಸೇರಿಸಿದ ಲೆಕ್ಕ) ಗಳಿಸಿದರು. ಟ್ಯಾಂಪಾ ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಪ್ಲೇಆಫ್‌ನಲ್ಲಿ ಸ್ಯಾಲರಿ ಕ್ಯಾಪ್ ಲೆಕ್ಕ ಇರಲಿಲ್ಲವಾದ್ದರಿಂದ ಆ ತಂಡದ ಸಂಬಳದ ಮೊತ್ತ ಮಿತಿಗಿಂತ ಸುಮಾರು 1.8 ಕೋಟಿ ಡಾಲರ್ ಮೇಲಿತ್ತು. ಟ್ಯಾಂಪಾ ಯಾವ ನಿಯಮವನ್ನೂ ಮುರಿದಿರಲಿಲ್ಲ. ಬೇರೆ ತಂಡದವರಿಗೆ ಹೊಟ್ಟೆ ಉರಿಯಿತು, ಬೇಕಾದಷ್ಟು ಮಾತು ಬಂತು. ಆದರೂ ಲೀಗ್ ನಡುವೆ ಕೈ ಹಾಕಲಿಲ್ಲ. ಆಟಗಾರರ ಸಂಘದ ಜೊತೆ ಕೂತು ಮಾತಾಡಿ, 2025ರ ಹೊಸ ಒಪ್ಪಂದದ ಹೊತ್ತಿಗೆ ಪ್ಲೇಆಫ್‌ಗೂ ಕ್ಯಾಪ್ ತಂದಿತು. 2025-26ರ ಸೀಸನ್‌ನಿಂದ ಅದು ಜಾರಿಗೆ ಬಂತು. ನಾಲ್ಕು ವರ್ಷ ಹಿಡಿಯಿತು, ನಿಜ. ಆದರೆ ಟ್ಯಾಂಪಾದ ಕಪ್‌ಗೆ ಯಾರೂ ಕೈ ಹಾಕಲಿಲ್ಲ.

ನಡುವೆ ಬದಲಿಸಲೇಬಾರದಾ? ಎರಡು ಸಂದರ್ಭದಲ್ಲಿ ಬದಲಿಸಬಹುದು ಅಂತ ನನ್ನ ಅಭಿಪ್ರಾಯ. 2008ರ ಏಪ್ರಿಲ್ 13ರಂದು ಪ್ಲೇಆಫ್ ಪಂದ್ಯದಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಶಾನ್ ಏವರಿ ಪಕ್‌ಗೆ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆ) ಬೆನ್ನು ಹಾಕಿ ನಿಂತು, ನ್ಯೂಜೆರ್ಸಿ ಗೋಲ್‌ಕೀಪರ್ ಮಾರ್ಟಿನ್ ಬ್ರೊಡೂರ್ ಮುಖದ ಮುಂದೆ ಸ್ಟಿಕ್ ಮತ್ತು ಕೈ ಆಡಿಸತೊಡಗಿದರು. ಹಾಗೆ ಮಾಡಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಮಾರನೇ ದಿನವೇ ಲೀಗ್ ಅದು ಪೆನಾಲ್ಟಿ ಅಂತ ಸ್ಪಷ್ಟಪಡಿಸಿತು. ಅಲ್ಲಿ ಆಟವೇ ಕೆಡುತ್ತಿತ್ತು. ಆ ನಿಯಮದಿಂದ ಒಂದು ತಂಡಕ್ಕೆ ಮಾತ್ರ ಲಾಭ ಅನ್ನುವ ಹಾಗೂ ಇರಲಿಲ್ಲ. ಎರಡನೇ ಸಂದರ್ಭ ಕೋವಿಡ್ ಕಾಲದ್ದು. 2021ರ ಜನವರಿ 13ಕ್ಕೆ ಆ ಸೀಸನ್ ಶುರುವಾದಾಗ ಎನ್‌ಎಚ್‌ಎಲ್ ತಂಡಗಳು ತಾವೇ ನಾಲ್ಕರಿಂದ ಆರು ಹೆಚ್ಚುವರಿ ಆಟಗಾರರ ‘ಟ್ಯಾಕ್ಸಿ ಸ್ಕ್ವಾಡ್’ ಇಟ್ಟುಕೊಂಡಿದ್ದವು. ಒಂದೇ ದಿನ ನಿಮ್ಮ ತಂಡದ ನಾಲ್ವರು ಕೋವಿಡ್‌ನಿಂದ ಹೊರಗಿರಬೇಕಾದವರ ಪ್ರೋಟೊಕಾಲ್ ಪಟ್ಟಿಗೆ ಹೋಗುತ್ತಿದ್ದರು. ಆಗ ನಮ್ಮ ಲೀಗ್‌ನಲ್ಲೂ ನಡುವೆಯೇ ಐಆರ್ ಜಾಗ ಹೆಚ್ಚಿಸಿದೆವು, ಆದರೆ ಎಲ್ಲರೂ ಒಪ್ಪಿದ ಮೇಲೆ. ನಿಮ್ಮ ಜನವರಿಯ ಬದಲಾವಣೆ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಗಾಯ ಅನ್ನೋದು ಹಾಕಿಯಲ್ಲಿ ಪ್ರತಿ ವರ್ಷ ಇದ್ದದ್ದೇ.

ಈಗ ಒಂದೊಂದೇ ನಿಯಮಕ್ಕೆ ಬರೋಣ. ಬೆಂಚಿನಿಂದ ಶುರು ಮಾಡುತ್ತೇನೆ. ಪೆನ್ನು ಕಾಗದ ತೆಗೆದುಕೊಳ್ಳಿ.

ಐಆರ್ ಬಿಟ್ಟರೆ ಒಂದು ತಂಡಕ್ಕೆ 16 ಜನ, 12 ತಂಡಕ್ಕೆ 192 ಜನ. ಎನ್‌ಎಚ್‌ಎಲ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಇಳಿಸುವುದು 20 ಜನರನ್ನು. ಸಾಮಾನ್ಯವಾಗಿ 12 ಫಾರ್ವರ್ಡ್ (ಸೆಂಟರ್, ವಿಂಗ್ ಸೇರಿ), 6 ಡಿಫೆನ್ಸ್, 2 ಗೋಲ್‌ಕೀಪರ್. 32 ತಂಡ ಸೇರಿದರೆ 640. ಅಂದರೆ ನಿಮ್ಮ ಲೀಗ್ ಹಿಡಿದಿಟ್ಟುಕೊಂಡಿರುವುದು ನೂರಕ್ಕೆ 30 ಜನರನ್ನು. ಬೆಂಚ್ ಆರಾದರೆ 216 ಆಗುತ್ತದೆ. 24 ಜನ ಜಾಸ್ತಿ ಅಷ್ಟೇ ಅನ್ನಿಸಬಹುದು. ಆದರೆ ಆ 24 ಜನ ಯಾರು? ಫ್ರೀ ಏಜೆಂಟ್ ಪಟ್ಟಿಯ (ಯಾರ ತಂಡದಲ್ಲೂ ಇಲ್ಲದ ಆಟಗಾರರ) ತುದಿಯಲ್ಲಿದ್ದವರು. ಗಾಯಾಳುವಿನ ಬದಲಿಗೆ ನೀವು ಹುಡುಕಿಕೊಂಡು ಹೋಗುತ್ತಿದ್ದದ್ದು ಅವರನ್ನೇ. ಬೆಂಚ್ ದೊಡ್ಡದಾದಷ್ಟೂ ಆ ಪಟ್ಟಿ ಬರಿದಾಗುತ್ತದೆ. ಗಾಯದಿಂದ ಕಂಗೆಟ್ಟವರಿಗೆ ಸಹಾಯ ಆಗಲಿ ಅಂತ ಮಾಡಿದ ನಿಯಮ, ಮುಂದೆ ಗಾಯವಾದಾಗ ಅವರಿಗೇ ತಿರುಗಿಕೊಳ್ಳುತ್ತದೆ.

ಇನ್ನೊಂದು ಸಂಗತಿ ಇದೆ. ಎನ್‌ಎಚ್‌ಎಲ್ ವೇಳಾಪಟ್ಟಿಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಪಂದ್ಯಗಳು ತುಂಬಿರುತ್ತವೆ. ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ ಕಡಿಮೆ. ಶನಿವಾರ ನಿಮ್ಮ ತಂಡದ ಹೆಚ್ಚುಕಡಿಮೆ ಎಲ್ಲರಿಗೂ ಆಟ ಇರುತ್ತದೆ, ಆದರೆ ಗೋಲ್‌ಕೀಪರ್ ಬಿಟ್ಟು ಹತ್ತೇ ಜಾಗ. ಬೆಂಚಿನಲ್ಲಿ ಆರು ಜನ ಸುಮ್ನೆ ಕೂರುತ್ತಾರೆ. ಅವರು ಕೆಲಸಕ್ಕೆ ಬರುವುದು ಪಂದ್ಯ ಕಡಿಮೆ ಇರುವ ದಿನ, ಅದೂ ದಿನಾ ಲೈನಪ್ (ಆ ದಿನ ಆಡಿಸುವವರ ಪಟ್ಟಿ) ತಿದ್ದುವವರಿಗೆ. ಅಂದರೆ ದೊಡ್ಡ ಬೆಂಚ್ ಪುರುಸೊತ್ತು ಇರುವವರ ಪರವಾದ ನಿಯಮ. ಅದು ತಪ್ಪು ಅಂತ ಹೇಳುತ್ತಿಲ್ಲ. ಗೊತ್ತಿದ್ದು ಮತ ಹಾಕಿ ಅಂತಷ್ಟೇ. ನನ್ನನ್ನು ಕೇಳಿದರೆ ನಾಲ್ಕಕ್ಕೆ ವಾಪಸ್ ಹೋಗಿ.

ಗೋಲ್‌ಕೀಪರ್ ವಿಷಯ ಇದಕ್ಕಿಂತ ಗಂಭೀರ, ಯಾಕೆಂದರೆ ಇಲ್ಲಿ ಕೊರತೆ ನಿಜವಾದದ್ದು. 32 ತಂಡ ಅಂದರೆ 32 ಮುಖ್ಯ ಗೋಲ್‌ಕೀಪರ್‌ಗಳು. ನಿಮ್ಮ 12 ತಂಡಕ್ಕೆ ದಿನಾ ಆಡಿಸಲು 24 ಜನ ಬೇಕು. ಎಲ್ಲರೂ ಮೂರನೆಯವರನ್ನು ಇಟ್ಟುಕೊಂಡರೆ 36. ಅಲ್ಲಿಗೇ ಮುಖ್ಯ ಗೋಲ್‌ಕೀಪರ್‌ಗಳು ಮುಗಿದುಹೋದರು. ಒಬ್ಬರು ಐವರನ್ನು ಹಿಡಿದಿಟ್ಟುಕೊಂಡರೆ ಇನ್ಯಾರಿಗೋ ಎರಡನೆಯವರೇ ಸಿಗುವುದಿಲ್ಲ. ಜೊತೆಗೆ ಕಾಲ ಬದಲಾಗಿದೆ. 2006-07ರಲ್ಲಿ ಬ್ರೊಡೂರ್ 82ರಲ್ಲಿ 78 ಪಂದ್ಯ ಆಡಿದ್ದರು. ಈಗ ತಂಡಗಳು ಇಬ್ಬರ ನಡುವೆ ಪಂದ್ಯ ಹಂಚುತ್ತವೆ. 2024-25ರಲ್ಲಿ ವಿನಿಪೆಗ್‌ನ ಕಾನರ್ ಹೆಲೆಬಕ್ 47 ಪಂದ್ಯ ಗೆದ್ದು ಹಾರ್ಟ್ (ಲೀಗಿನ ಅತ್ಯಮೂಲ್ಯ ಆಟಗಾರ) ಮತ್ತು ವೆಜಿನಾ (ಅತ್ಯುತ್ತಮ ಗೋಲ್‌ಕೀಪರ್) ಎರಡೂ ಪ್ರಶಸ್ತಿ ಪಡೆದರು. ಅಂಥವರು ಆಡಿದ್ದೇ 63 ಪಂದ್ಯ. ಹಾಗಾಗಿ ಎರಡನೇ ಗೋಲ್‌ಕೀಪರ್‌ಗಳಿಗೂ ಈಗ ಬೆಲೆ ಇದೆ. ಅವರು ಒಬ್ಬರ ಬೆಂಚಿನಲ್ಲಿ ಕೊಳೆಯದೆ ಎಲ್ಲರಿಗೂ ಸಿಗುವ ಹಾಗಿರಬೇಕು.

ಒಂದು ತಂಡಕ್ಕೆ ಗರಿಷ್ಠ ಮೂರು ಗೋಲ್‌ಕೀಪರ್ ಅಂತ ಮಾಡಿ. 12 ತಂಡಕ್ಕೆ 36, ಪಂದ್ಯಕ್ಕೆ ಇಳಿಯುವ 64 ಜನರಲ್ಲಿ ಇನ್ನೂ 28 ಜನ ಹೊರಗಿರುತ್ತಾರೆ. ಐಆರ್‌ನಲ್ಲಿರುವ ಗೋಲ್‌ಕೀಪರ್ ಈ ಮೂರರಲ್ಲಿ ಸೇರುತ್ತಾನೋ ಇಲ್ಲವೋ ಅನ್ನೋದನ್ನು ಅದೇ ಸಾಲಿನಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಮೊದಲ ಜಗಳ ಅಲ್ಲೇ ಬರುತ್ತದೆ. ಸೇರುವುದಿಲ್ಲ, ಆದರೆ ವಾಸಿಯಾದ ಮೇಲೆ ಎರಡು ದಿನದೊಳಗೆ ಒಬ್ಬನನ್ನು ಬಿಡಬೇಕು ಅನ್ನೋದು ನ್ಯಾಯವಾಗಿ ಕಾಣುತ್ತದೆ. ನೀವು ಆಡುವ ಸೈಟ್‌ನಲ್ಲಿ ಪೊಸಿಷನ್ ಮಿತಿ ಹಾಕುವ ಸೆಟ್ಟಿಂಗ್ ಇದ್ದರೆ ಹಾಕಿಬಿಡಿ, ಕಂಪ್ಯೂಟರ್ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಇಲ್ಲದಿದ್ದರೆ ಬರೆದಿಟ್ಟ ನಿಯಮವೇ ಗತಿ. ಐದು ಜನ ಇಟ್ಟುಕೊಂಡವರ ಮೇಲೆ ಸಿಟ್ಟು ಮಾಡಬೇಡಿ. ಅವರು ಇದ್ದ ನಿಯಮದೊಳಗೆ ಜಾಣತನದಿಂದ ಆಡಿದ್ದಾರೆ. ಹೊಸ ಸೀಸನ್‌ನ ಡ್ರಾಫ್ಟ್‌ನಿಂದ (ಸರದಿಯಲ್ಲಿ ಆಟಗಾರರನ್ನು ಆರಿಸುವ ದಿನದಿಂದ) ಮಿತಿ ಶುರುವಾಗಲಿ, ಹಳೆಯದನ್ನು ಕೆದಕುವುದು ಬೇಡ.

ಐಆರ್ ಪ್ಲಸ್‌ಗೆ ಬನ್ನಿ. ಯಾಹೂ ಫ್ಯಾಂಟಸಿ ಸೈಟ್‌ನಲ್ಲಿ ಮಾಮೂಲಿ ಐಆರ್ ಜಾಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತೇ ಇದೆ: ‘ಡೇ ಟು ಡೇ’ ಅಂತ ಗುರುತು ಬಿದ್ದ ಸಣ್ಣ ಗಾಯದವರೂ ಇಲ್ಲಿಗೆ ಹೋಗಬಹುದು. ಆಟಗಾರ ವಾಸಿಯಾದ ಮೇಲೂ ಅಲ್ಲೇ ಇದ್ದರೆ ಸೈಟ್ ಮಾಡುವುದು ಒಂದೇ ಕೆಲಸ, ಹೊಸಬರನ್ನು ಸೇರಿಸಿಕೊಳ್ಳಲು ಬಿಡುವುದಿಲ್ಲ. ಇದ್ದವರನ್ನು ಆಡಿಸಲು ಅಡ್ಡಿ ಇಲ್ಲ. ಹಾಗಾಗಿ ನಿಮ್ಮ ಗೆಳೆಯರು ವಾರಗಟ್ಟಲೆ 17, 18 ಜನರನ್ನು ಇಟ್ಟುಕೊಂಡು ಆಡಿದ್ದಾರೆ. ಎನ್‌ಎಚ್‌ಎಲ್‌ನಲ್ಲಿ ಐಆರ್‌ಗೆ ಹಾಕಿದರೆ ಆಟಗಾರ ಕನಿಷ್ಠ ಏಳು ದಿನ ಹೊರಗಿರಬೇಕು. ದೀರ್ಘಾವಧಿ ಪಟ್ಟಿಗಾದರೆ 10 ಪಂದ್ಯ ಮತ್ತು 24 ದಿನ. ಅಲ್ಲಿ ಜಾಗ ಸಿಗುತ್ತದೆ, ಆದರೆ ಬಿಟ್ಟಿ ಅಲ್ಲ. ನಿಮ್ಮ ಲೀಗ್‌ನಲ್ಲಿ ಅದು ಬಿಟ್ಟಿ ಆಗಿಬಿಟ್ಟಿದೆ.

ಎರಡು ಐಆರ್ ಪ್ಲಸ್ ಬದಲು ಒಂದು ಐಆರ್ ಪ್ಲಸ್, ಎರಡು ಮಾಮೂಲಿ ಐಆರ್ ಇಡಿ. ನಿಜವಾಗಿ ದೊಡ್ಡ ಗಾಯವಾದವರಿಗೆ ಒಟ್ಟು ಮೂರು ಜಾಗ ಸಿಗುತ್ತದೆ, ಮೊದಲಿಗಿಂತ ಒಂದು ಜಾಸ್ತಿ. ಜನವರಿಯಲ್ಲಿ ಆ ಮೂವರು ಕೇಳಿದ್ದಕ್ಕೆ ಇದೇ ಸರಿಯಾದ ಉತ್ತರ. ಕಷ್ಟ ಗಾಯದ್ದಾದರೆ ಪರಿಹಾರವೂ ಐಆರ್‌ನಲ್ಲಿ ಇರಬೇಕು, ಬೆಂಚಿನಲ್ಲಿ ಅಲ್ಲ. ಜೊತೆಗೆ ಒಂದು ಸಾಲು: ಸೈಟ್‌ನಲ್ಲಿ ಗಾಯದ ಗುರುತು ಹೋದ 48 ಗಂಟೆಯೊಳಗೆ ಆಟಗಾರನನ್ನು ಹೊರಗೆ ತರಬೇಕು, ತರದಿದ್ದರೆ ಕಮಿಷನರ್ ತರುತ್ತಾರೆ, ಜಾಗ ಇಲ್ಲದಿದ್ದರೆ ಕೊನೆಗೆ ಸೇರಿಸಿಕೊಂಡ ಆಟಗಾರ ಹೊರಗೆ ಹೋಗುತ್ತಾನೆ. ಯಾರನ್ನು ತೆಗೆಯಬೇಕು ಅನ್ನೋದನ್ನು ನಿಮ್ಮ ವಿವೇಚನೆಗೆ ಬಿಟ್ಟುಕೊಳ್ಳಬೇಡಿ. ಮೊದಲೇ ಬರೆದಿದ್ದರೆ ನಿಮಗೂ ನೆಮ್ಮದಿ.

48 ಗಂಟೆ ಅಂದದ್ದು ಬೆಂಗಳೂರಿನ ಇಬ್ಬರನ್ನು ನೆನೆದು. ಟೊರಾಂಟೊದಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ಅವರಿಗೆ ಬೆಳಗಿನ ಜಾವ 5.30. ಅಕ್ಟೋಬರ್‌ನಲ್ಲೂ ಮಾರ್ಚ್ ಕೊನೆಯಲ್ಲೂ, ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವಾಗ, 4.30. ತಂಡಗಳ ಬೆಳಗಿನ ಅಭ್ಯಾಸ ನಡೆಯುವ ಹೊತ್ತಿಗೆ, ಅಂದರೆ ಭಾರತದ ರಾತ್ರಿ ಒಂಬತ್ತು ಹತ್ತರ ಸುಮಾರಿಗೆ, ಯಾವ ಗೋಲ್‌ಕೀಪರ್ ಆಡುತ್ತಾನೆ ಅನ್ನೋದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವರಿಗೂ ನಿಮಗೂ ಸಮ. ಆದರೆ ಪಂದ್ಯಕ್ಕೆ ಅರ್ಧ ಗಂಟೆ ಮೊದಲು ವಾರ್ಮ್‌ಅಪ್‌ನಲ್ಲಿ ಒಬ್ಬ ಆಟಗಾರ ಕಾಣದಿದ್ದರೆ ನೀವು ಫೋನ್ ತೆಗೆದು ಬದಲಿಸುತ್ತೀರಿ, ಅವರು ನಿದ್ದೆಯಲ್ಲಿರುತ್ತಾರೆ. ಎರಡು ರಾತ್ರಿ ಸತತ ಪಂದ್ಯ ಇದ್ದಾಗ ಎರಡನೇ ದಿನ ಬೆಳಗಿನ ಅಭ್ಯಾಸವೇ ಇರುವುದಿಲ್ಲ, ಸುದ್ದಿಯೂ ತಡ.

ಇದಕ್ಕೆ ವಾರಕ್ಕೊಮ್ಮೆ ಮಾತ್ರ ಲೈನಪ್ ಬೀಗ ಹಾಕುವ ಪದ್ಧತಿ ಒಂದು ದಾರಿ. ಆದರೆ ದಿನಾ ತಿದ್ದುವ ಖುಷಿಯೇ ಹೋಗುತ್ತದೆ ಅಂತ ನಿಮ್ಮ ಟೊರಾಂಟೊ ಬಳಗ ಒಪ್ಪಲಿಕ್ಕಿಲ್ಲ. ವಾರಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಮಿತಿ ಈಗ ನಾಲ್ಕಿದ್ದರೆ ಮೂರು ಮಾಡಿ ನೋಡಿ. ಪಂದ್ಯ ಕಡಿಮೆ ಇರುವ ದಿನ ಯಾರನ್ನೋ ಹಿಡಿದು ಆಡಿಸಿ ಮಾರನೇ ದಿನ ಬಿಡುವ ಸ್ಟ್ರೀಮಿಂಗ್ ಆಟಕ್ಕೆ ಕಡಿವಾಣ ಬೀಳುತ್ತದೆ. ಎಚ್ಚರವಾಗಿರುವವರಿಗೂ ಮಲಗಿರುವವರಿಗೂ ಇರುವ ಅಂತರ ಸ್ವಲ್ಪ ಕಡಿಮೆಯಾಗುತ್ತದೆ.

ನೀವು ಕೇಳದ ಒಂದು ಬದಲಾವಣೆಯನ್ನು ನಾನೇ ಸೂಚಿಸುತ್ತೇನೆ. ನಾಲ್ಕು ಬೆಂಚಿನಲ್ಲಿ ಒಂದನ್ನು ‘ಯುಟಿಲಿಟಿ’ ಜಾಗ ಮಾಡಿ. ಗೋಲ್‌ಕೀಪರ್ ಬಿಟ್ಟು ಯಾರನ್ನಾದರೂ ಅಲ್ಲಿ ಆಡಿಸಬಹುದು. ತಂಡದ ಒಟ್ಟು ಸಂಖ್ಯೆ 16ರಲ್ಲೇ ಇರುತ್ತದೆ, ಫ್ರೀ ಏಜೆಂಟ್ ಪಟ್ಟಿಗೆ ಧಕ್ಕೆ ಇಲ್ಲ. ಮೆಕ್‌ಡೇವಿಡ್, ಮೆಕಿನನ್, ಮ್ಯಾಥ್ಯೂಸ್, ಕ್ರಾಸ್ಬಿ, ನೋಡಿ, ದೊಡ್ಡ ಹೆಸರುಗಳಲ್ಲಿ ಎಷ್ಟೋ ಜನ ಸೆಂಟರ್‌ಗಳು. ನಿಮ್ಮಲ್ಲಿ ಸೆಂಟರ್ ಜಾಗ ಎರಡೇ. ಮೂರನೇ ಒಳ್ಳೆಯ ಸೆಂಟರ್ ಶನಿವಾರ ಬೆಂಚಿನಲ್ಲಿ ಕೂತು ಮೂರು ಪಾಯಿಂಟ್ ಹೊಡೆದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತದೆ. ಡ್ರೈಸೈಟಲ್‌ನಂಥವರು ಯಾಹೂವಿನಲ್ಲಿ ವರ್ಷಗಳಿಂದ ಸೆಂಟರ್ ಮತ್ತು ಲೆಫ್ಟ್ ವಿಂಗ್ ಎರಡೂ ಆಗಿರುವುದರಿಂದಲೇ ಅವರ ಬೆಲೆ ಅಷ್ಟು ಏರಿದೆ.

ಆದರೆ ಇದನ್ನು ಈ ವರ್ಷವೇ ಜಾರಿಗೆ ತರಬೇಡಿ. ಉಳಿಸಿಕೊಳ್ಳುವ ಮೂವರನ್ನು ಎಲ್ಲರೂ ಹಳೆಯ ರೋಸ್ಟರ್ ನೋಡಿಯೇ ಲೆಕ್ಕ ಹಾಕಿದ್ದಾರೆ. ಜಾಗ ಎರಡೇ ಇದೆ ಅಂತ ಯಾರೋ ಒಬ್ಬರು ಒಳ್ಳೆಯ ಸೆಂಟರ್‌ನನ್ನು ಟ್ರೇಡ್ ಮಾಡಿ ವಿಂಗರ್ ತಂದಿರುತ್ತಾರೆ. ಇನ್ನೊಬ್ಬರ ಹತ್ತಿರ ಮೂವರೂ ಸೆಂಟರ್‌ಗಳೇ ಇರುತ್ತಾರೆ. ನೀವು ಈಗ ಯುಟಿಲಿಟಿ ಜಾಗ ತಂದರೆ ಮೊದಲನೆಯವರ ಜಾಣತನ ನೀರುಪಾಲು, ಎರಡನೆಯವರಿಗೆ ಲಾಟರಿ. ಡಿಫೆನ್ಸ್ ಜಾಗ ಬದಲಿಸಿದರೂ ಇದೇ ಕಥೆ. ಡಿಫೆನ್ಸ್ ಆಟಗಾರ ಕೇಲ್ ಮಕಾರ್ 2024-25ರಲ್ಲಿ 30 ಗೋಲು ಸೇರಿ 92 ಪಾಯಿಂಟ್ ಗಳಿಸಿದರು. ಒಂದು ತಂಡಕ್ಕೆ ನಾಲ್ಕು ಡಿಫೆನ್ಸ್ ಅಂದರೆ ಲೀಗಿನಲ್ಲಿ 48 ಜನ ಆಡಬೇಕು. ಮಕಾರ್‌ಗೂ 48ನೆಯವನಿಗೂ ಇರುವ ಅಂತರವೇ ಮಕಾರ್‌ನ ಬೆಲೆ. ಜಾಗ ಮೂರಾದರೆ ಹೋಲಿಕೆ 36ನೆಯವನ ಜೊತೆ, ಐದಾದರೆ 60ನೆಯವನ ಜೊತೆ. ಆಟಗಾರ ಅವನೇ, ಆದರೆ ಅವನನ್ನು ಇಟ್ಟುಕೊಂಡವರ ಆಸ್ತಿಯ ಬೆಲೆ ಒಂದೇ ಮತದಲ್ಲಿ ಏರಿ ಇಳಿಯುತ್ತದೆ. ಆದ್ದರಿಂದ ಆಡುವ ಜಾಗಗಳನ್ನು ಮುಟ್ಟುವ ಯಾವ ಬದಲಾವಣೆಯೇ ಇರಲಿ, ಈ ಬೇಸಿಗೆಯಲ್ಲಿ ಮತ ಹಾಕಿ, ಒಂದು ಪೂರ್ತಿ ಸೀಸನ್ ಬಿಟ್ಟು ಜಾರಿಗೆ ತನ್ನಿ. ಅಷ್ಟರಲ್ಲಿ ಎಲ್ಲರಿಗೂ ಟ್ರೇಡ್ ಮಾಡಿ ತಯಾರಾಗಲು ಸಮಯ ಸಿಗುತ್ತದೆ. ಬೆಂಚ್, ಐಆರ್, ಗೋಲ್‌ಕೀಪರ್ ಮಿತಿ ಮುಂದಿನ ಸೀಸನ್‌ಗೇ ಇರಲಿ, ಆದರೆ ಉಳಿಸಿಕೊಳ್ಳುವವರ ಹೆಸರು ಕೊಡುವ ಕಡೇ ದಿನಕ್ಕೆ ಮೊದಲು ತೀರ್ಮಾನ ಆಗಬೇಕು. ಒಂದಕ್ಕಿಂತ ಹೆಚ್ಚು ಗೋಲ್‌ಕೀಪರ್‌ಗಳನ್ನು ಉಳಿಸಿಕೊಳ್ಳುವ ಯೋಚನೆಯಲ್ಲಿರುವವರಿಗೆ ಅದು ಗೊತ್ತಿರಬೇಕು.

ಇನ್ನೊಂದು ನೆನಪಿರಲಿ. ಹೊಸ ಒಪ್ಪಂದದ ಪ್ರಕಾರ 2026-27ರಿಂದ ಎನ್‌ಎಚ್‌ಎಲ್ ಸೀಸನ್ 82ರ ಬದಲು 84 ಪಂದ್ಯ. ಒಟ್ಟು 1,312 ಪಂದ್ಯ ಇದ್ದದ್ದು 1,344 ಆಗುತ್ತದೆ. ನಿಮ್ಮ ನಿಯಮದಲ್ಲಿ ಎಲ್ಲಾದರೂ 82 ಅಂತ ಬರೆದಿದ್ದರೆ, ಅಥವಾ ಇಷ್ಟೇ ಪಂದ್ಯ ಆಡಿಸಬೇಕು ಅನ್ನುವ ಮಿತಿ ಇದ್ದರೆ, ಒಮ್ಮೆ ನೋಡಿಕೊಳ್ಳಿ.

ಮತದಾನ ಹೀಗೆ ಮಾಡಿ. ಪ್ರತಿ ನಿಯಮಕ್ಕೂ ಬೇರೆ ಬೇರೆ ಮತ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ಒಪ್ಪಿಗೆನಾ’ ಅಂತ ಕೇಳಬೇಡಿ. 12ರಲ್ಲಿ 8 ಮತ ಬಿದ್ದರೆ ಪಾಸ್. ಏಳು ಐದರಲ್ಲಿ ಗೆದ್ದ ನಿಯಮ ಅರ್ಧ ಲೀಗಿಗೆ ಕಹಿಯಾಗಿ ಉಳಿಯುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೈ ಎತ್ತಿಸಬೇಡಿ, ಹೆಸರು ಕಾಣದ ಹಾಗೆ ಮತ ಹಾಕಿಸಿ. ಗುಂಪಿನಲ್ಲಾದರೆ ಮೊದಲು ಮಾತಾಡಿದ ಇಬ್ಬರ ಕಡೆಗೇ ಉಳಿದವರು ವಾಲುತ್ತಾರೆ. ಎಂಟು ಮತ ಬೀಳದಿದ್ದರೆ ಜನವರಿಗೆ ಮೊದಲಿದ್ದ ನಿಯಮವೇ ಉಳಿಯುತ್ತದೆ ಅಂತ ಮೊದಲೇ ಹೇಳಿ. ಜನವರಿಯ ಆರು ಬೆಂಚ್ ‘ಈಗಿರುವ ನಿಯಮ’ ಅಂತ ಎಣಿಕೆಗೆ ಬರಬಾರದು, ಯಾಕೆಂದರೆ ಅದಕ್ಕೆ ಯಾರೂ ಮತ ಹಾಕಿರಲಿಲ್ಲ. ಕಮಿಷನರ್ ಆದ ನಿಮಗೂ ಒಂದೇ ಮತ. ಕೊನೆಯಲ್ಲಿ ಒಂದು ಸಾಲು ಸೇರಿಸಿ: ಮೊದಲ ಪಂದ್ಯ ಶುರುವಾದ ಮೇಲೆ ರೋಸ್ಟರ್ ನಿಯಮ ಬದಲಾಗಬೇಕಾದರೆ 12ಕ್ಕೆ 12 ಮತ ಬೇಕು.

ಬಿಟ್ಟುಹೋದ ಇಬ್ಬರ ಜಾಗಕ್ಕೆ ಹೊಸಬರನ್ನು ಹುಡುಕುವ ಮೊದಲು ಅವರಿಗೊಂದು ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. ಜನವರಿಯಲ್ಲಿ ನಡುವೆ ಬದಲಿಸಿದ್ದು ನನ್ನ ತಪ್ಪು ಅಂತ ನೇರವಾಗಿ ಹೇಳಿ. ಅವರ ತಂಡ, ಅವರು ಉಳಿಸಿಕೊಳ್ಳಬೇಕಿದ್ದ ಮೂವರು ಆಟಗಾರರು ಇನ್ನೂ ಹಾಗೇ ಇದ್ದಾರೆ ಅಂತಲೂ ತಿಳಿಸಿ. ಈ ಕರೆ ಮತದಾನಕ್ಕೆ ಮೊದಲೇ ಆಗಬೇಕು. ಆ ಎಂಟು ಮತಗಳನ್ನು ಎಣಿಸುವಾಗ ಅವರಿಬ್ಬರ ಮತವೂ ಪೆಟ್ಟಿಗೆಯಲ್ಲಿ ಇರಬೇಕು.